ಹೊಲ ಸೈಟಾಗುವ ಮೊದಲು: ಜಾಲಿ, ಎರೆನೆಲ ಮತ್ತು ಸಪಾಟು ಮಾಡುವ ಲೆಕ್ಕ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕೊಪ್ಪಳದ ಹೊರವಲಯದ ಹೊಸ ಲೇಔಟು. ಜೆಸಿಬಿ ಎರಡು ತಾಸು ಓಡಾಡಿ ನಿಂತಿದೆ. ಬೆಳಿಗ್ಗೆ ಆಳೆತ್ತರ ಜಾಲಿಮುಳ್ಳು ಇದ್ದ ಜಾಗ ಈಗ ಬಟಾಬಯಲು. ಆಪರೇಟರ್ ಕೆಳಗಿಳಿದು ನೀರು ಕುಡಿದು, "ಆತ್ರಿ ಸಾಹೇಬ್ರ, ಸಪಾಟ ಆತು. ನಾಳೆನ ಪಾಯಾ ತೋಡಸ್ರಿ" ಅಂದ. ಸೈಟಿನ ಮಾಲೀಕರಿಗೆ ಖುಷಿ. ಪಕ್ಕದ ಹೊಲದ ಅಜ್ಜ ಮಾತ್ರ ಒಡ್ಡು ದಾಟಿ ಬಂದು, ಚಪ್ಪಲಿಯ ಹಿಮ್ಮಡಿಯಿಂದ ಹೊಸ ಮಣ್ಣನ್ನು ಒತ್ತಿ ನೋಡಿದರು. ಹಿಮ್ಮಡಿ ಎರಡಿಂಚು ಒಳಗಿಳಿಯಿತು. "ಇದು ಬರೇ ಹಾಸೇತಿ ತಮ್ಮಾ, ಕುಂತಿಲ್ಲ ಇನ್ನಾ" ಅಂದರು.

ಹಾಸಿದ ಮಣ್ಣು, ಕುಂತ ಮಣ್ಣು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಮನೆ ಕಟ್ಟಿ ಎರಡು ಮಳೆಗಾಲ ಕಳೆದ ಮೇಲೆ ವ್ಯತ್ಯಾಸ ಗೋಡೆಯ ಮೇಲೆ ಮೂಡುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಸುತ್ತ ಜೋಳ, ಹತ್ತಿ, ಕಡಲೆ ಬೆಳೆಯುತ್ತಿದ್ದ ಹೊಲಗಳು 30×40ರ ಸೈಟುಗಳಾಗುತ್ತಿವೆ. ಕೊಳ್ಳುವವರಲ್ಲಿ ಬಹಳಷ್ಟು ಜನ ಮೊದಲ ಸಲ ಮನೆ ಕಟ್ಟುವವರು. ಸಿಮೆಂಟು ಯಾವುದು, ಕಬ್ಬಿಣ ಯಾವುದು, ಬಾಗಿಲಿಗೆ ಸಾಗವಾನಿಯೋ ಬೇವೋ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಇವೆಲ್ಲ ನಿಲ್ಲುವ ನೆಲದ ತಯಾರಿ ಮಾತ್ರ ಒಂದು ಮಧ್ಯಾಹ್ನದಲ್ಲಿ, ಜೆಸಿಬಿಯ ತಾಸಿನ ಬಾಡಿಗೆಯ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ಆ ತಯಾರಿ ಎಂದರೆ ಏನು, ಯಾಕೆ, ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ನಾಲ್ಕು ಕೆಲಸ, ನಾಲ್ಕು ಹೆಸರು

ಜನ ಒಟ್ಟಾರೆ "ಲೆವೆಲ್ ಮಾಡಿಸಿದೆ" ಎನ್ನುವುದರಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಸ್ವಚ್ಛ ಮಾಡುವುದು: ಗಿಡಗಂಟಿ, ಬೇರು, ಕಸ, ಹಳೆಯ ಗೋಡೆಯ ಅವಶೇಷ ತೆಗೆಯುವುದು. ಎರಡನೆಯದು ಮೇಲ್ಮಣ್ಣು ಕೆರೆಯುವುದು. ಬೇರು, ಗೊಬ್ಬರ, ಕೊಳೆತ ಎಲೆ ಸೇರಿದ ಮೇಲಿನ ಅರ್ಧ ಅಡಿ ಬೆಳೆಗೆ ಬಂಗಾರ, ಕಟ್ಟಡಕ್ಕೆ ಕೇಡು. ಕೊಳೆಯುವ ವಸ್ತು ಕೊಳೆತು ಕುಗ್ಗಿದಷ್ಟು ನೆಲವೂ ಕುಗ್ಗುತ್ತದೆ. ಇದನ್ನು ಒಂದು ಮೂಲೆಗೆ ಗುಡ್ಡೆ ಹಾಕಿಸಿದರೆ ಮುಂದೆ ಗಿಡ ನೆಡಲು ಬರುತ್ತದೆ. ಮೂರನೆಯದು ಮಟ್ಟ ಕೊಡುವುದು: ಎತ್ತರ ಇದ್ದಲ್ಲಿ ಕಡಿದು, ತಗ್ಗಿದ್ದಲ್ಲಿ ತುಂಬಿ, ನೀರು ಹರಿಯಲು ಬೇಕಾದ ಇಳಿಜಾರು ಬಿಡುವುದು. ನಾಲ್ಕನೆಯದು ತುಂಬಿದ ಮಣ್ಣನ್ನು ಗಟ್ಟಿ ಕೂರಿಸುವುದು. ಇಂಜಿನಿಯರುಗಳು ಕಂಪ್ಯಾಕ್ಷನ್ ಎನ್ನುವುದು ಇದಕ್ಕೇ.

ನಮ್ಮ ಕಡೆ ಹೆಚ್ಚಾಗಿ ಮೊದಲನೆಯದೂ ಮೂರನೆಯದೂ ನಡೆಯುತ್ತವೆ. ಎರಡನೆಯದು ಮರೆತುಹೋಗುತ್ತದೆ. ನಾಲ್ಕನೆಯದನ್ನು ಜೆಸಿಬಿಯ ಗಾಲಿಗಳೇ ಮಾಡಿದವು ಎಂದುಕೊಳ್ಳುತ್ತೇವೆ.

ಯಂತ್ರ ಬರುವ ಮೊದಲು

ಕಾಗದದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕೃಷಿ ಜಮೀನನ್ನು ಬೇರೆ ಬಳಕೆಗೆ ತಿರುಗಿಸುವುದು ಭೂಪರಿವರ್ತನೆ, ಜನರ ಬಾಯಲ್ಲಿ 'ಎನ್.ಎ.'. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಇದಕ್ಕೆ ಸಂಬಂಧಿಸಿದ್ದು. ಅದಾದ ಮೇಲೆ ಲೇಔಟಿನ ನಕ್ಷೆಗೆ ಮಂಜೂರಾತಿ ಬೇರೆ. ಇವೆರಡೂ ಇವೆಯೇ ಎಂದು ನೋಡದೆ ಮಣ್ಣಿಗೆ ದುಡ್ಡು ಸುರಿಯಬಾರದು.

ಅದಕ್ಕಿಂತ ಹೆಚ್ಚು ಜನ ಎಡವುವುದು ಹದ್ದಿನ ವಿಷಯದಲ್ಲಿ. ಜೆಸಿಬಿ ಒಮ್ಮೆ ಓಡಾಡಿದರೆ ಬಾಂದುಕಲ್ಲು, ಒಡ್ಡು, ಹಳೆಯ ಕಾಲುದಾರಿ ಎಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಸರ್ವೆ ಇಲಾಖೆಯಿಂದ ಹದ್ದುಬಸ್ತು ಮಾಡಿಸಿ, ಮೂಲೆಗಳಿಗೆ ಗೂಟ ಬಡಿದು, ಫೋಟೊ ತೆಗೆದಿಟ್ಟುಕೊಂಡೇ ಯಂತ್ರ ಇಳಿಸಬೇಕು. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಂದು ಬರೆದಿದ್ದರೆ ಅದು ಯಾವ ಖರಾಬು ಎಂದು ಕೇಳಿ. 'ಬಿ' ಖರಾಬು ಎಂದರೆ ಹಳ್ಳ, ದಾರಿ ಮೊದಲಾದ ಸಾರ್ವಜನಿಕ ಬಳಕೆಯ ಜಾಗ. ಅದನ್ನು ಮುಚ್ಚುವಂತಿಲ್ಲ. ಬೇವು, ಹುಣಸೆಯಂಥ ದೊಡ್ಡ ಮರ ಇದ್ದರೆ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯ.

ಈ ಮೂರು ಜಿಲ್ಲೆಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಮಸ್ಕಿಯ ಅಶೋಕನ ಶಾಸನ, ಕೊಪ್ಪಳದ ಗವಿಮಠದ ಶಾಸನ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಆನೆಗೊಂದಿ ಎಲ್ಲ ಇರುವ ನೆಲ ಇದು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಅಗೆಯುವಾಗ ಹಳೆಯ ನಾಣ್ಯವೋ ಪಾತ್ರೆಯೋ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಜಾಲಿ ಕಡಿದರೆ ಸಾಲದು

ಪಾಳುಬಿದ್ದ ಜಮೀನಿನಲ್ಲಿ ಮೊದಲು ಎದುರಾಗುವುದು ಬಳ್ಳಾರಿ ಜಾಲಿ, ಕೆಲವರ ಬಾಯಲ್ಲಿ ಸರಕಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದರ ತವರು ಅಮೆರಿಕ ಖಂಡದ ಒಣನಾಡುಗಳು. 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಬರಗಾಲದ ನೆಲಕ್ಕೆ ಹಸಿರು, ಜನರಿಗೆ ಸೌದೆ ಸಿಗಲಿ ಎಂದು ಭಾರತಕ್ಕೆ ತಂದರು. ಬಂದದ್ದು ಹೋಗಲಿಲ್ಲ. ಕುರಿ, ದನ ಇದರ ಕಾಯಿ ತಿಂದು ಹಿಕ್ಕೆಯ ಜೊತೆ ಬೀಜ ಹರಡುತ್ತವೆ. ಹಳ್ಳದ ದಂಡೆ, ಗೋಮಾಳ, ಪಾಳು ಹೊಲ ಯಾವುದನ್ನೂ ಬಿಟ್ಟಿಲ್ಲ.

ಇದನ್ನು ನೆಲಮಟ್ಟಕ್ಕೆ ಕಡಿದರೆ ಕೆಲಸ ಮುಗಿಯುವುದಿಲ್ಲ. ಬುಡದಲ್ಲಿ ಬೇರೂ ಕಾಂಡವೂ ಕೂಡುವ ಗಂಟಿನಲ್ಲಿ ಮೊಗ್ಗುಗಳು ಮಲಗಿರುತ್ತವೆ. ಮೇಲೆ ಕಡಿದಷ್ಟೂ ಅವು ಚಿಗುರಿ, ಒಂದು ಕಾಂಡ ಇದ್ದಲ್ಲಿ ಹತ್ತಾಗುತ್ತವೆ. ಆ ಗಂಟನ್ನು, ಕನಿಷ್ಠ ಒಂದು ಅಡಿ ಆಳದವರೆಗೆ, ಕಿತ್ತೇ ತೆಗೆಯಬೇಕು. ಬಕೆಟ್ಟಿನಿಂದ ಪಕ್ಕಕ್ಕೆ ತಳ್ಳಿ ಮುರಿಯುವ ಬದಲು ಬುಡದ ಸುತ್ತ ಅಗೆದು ಮೇಲೆತ್ತಿಸಬೇಕು. ಆಪರೇಟರಿಗೆ ಇದು ನಿಧಾನದ ಕೆಲಸ. ಒಂದೊಂದು ಬುಡಕ್ಕೂ ಹತ್ತು ನಿಮಿಷ ಹಿಡಿಯುತ್ತದೆ. ಅದಕ್ಕೇ ಮೊದಲೇ ಮಾತಾಡಿಕೊಳ್ಳಬೇಕು.

ಬೇರು ಒಳಗೇ ಉಳಿದರೆ ಏನಾಗುತ್ತದೆ? ಸತ್ತ ಬೇರು ಕೊಳೆತು ಅದರ ಜಾಗ ಪೊಳ್ಳಾಗುತ್ತದೆ, ಮೇಲಿನ ಮಣ್ಣು ಅದರೊಳಕ್ಕೆ ಜಾರುತ್ತದೆ. ಕೊಳೆಯುವಷ್ಟು ಕಾಲ ಅದು ಗೆದ್ದಲಿಗೆ ಊಟ. ನೆಲದೊಳಗಿನ ಬೇರು ತಿಂದು ಮುಗಿಸಿದ ಗೆದ್ದಲು ಬಾಗಿಲ ಚೌಕಟ್ಟಿಗೆ ಬರಲು ಹೆಚ್ಚು ದಿನ ಬೇಡ.

ಕಿತ್ತ ಜಾಲಿಯನ್ನು ಅಲ್ಲೇ ಗುಂಡಿ ತೋಡಿ ಹೂಳಿಸುವುದು ದೊಡ್ಡ ತಪ್ಪು. ಕಣ್ಮರೆಯಾಯಿತು ಅಷ್ಟೆ, ಕಸ ಹಾಗೇ ಇರುತ್ತದೆ, ಮುಂದೆ ಆ ಜಾಗ ಕುಸಿಯುತ್ತದೆ. ನಮ್ಮ ಕಡೆ ಜಾಲಿಯಿಂದ ಇದ್ದಿಲು ಸುಡುವವರು, ಸೌದೆಗೆ ಒಯ್ಯುವವರು ಇದ್ದಾರೆ. ಮೊದಲೇ ಹೇಳಿಟ್ಟರೆ ಅವರೇ ಬಂದು ದಪ್ಪ ಕೊಂಬೆ ಕಡಿದೊಯ್ಯುತ್ತಾರೆ. ಉಳಿದ ಮುಳ್ಳನ್ನು ಮಾತ್ರ ಒಂದೂ ಬಿಡದೆ ಆರಿಸಬೇಕು. ಜಾಲಿಮುಳ್ಳು ಟ್ರ್ಯಾಕ್ಟರಿನ ಟಯರಿಗೇ ನಾಟುತ್ತದೆ, ಗಾರೆ ಕೆಲಸದವರ ಹವಾಯಿ ಚಪ್ಪಲಿ ಯಾವ ಲೆಕ್ಕ.

ಹಗೇವು, ಹಾಳುಬಾವಿ

ಊರಿಗೆ ಹತ್ತಿದ ಹಳೆಯ ಕಣದ ಜಾಗಗಳು ಸೈಟಾದಾಗ ಒಂದು ವಿಶೇಷ ಅಪಾಯ ಇದೆ. ಹಿಂದಿನವರು ಜೋಳ ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಹಗೇವು ನಿಮಗೆ ಗೊತ್ತಿರಬಹುದು. ಬಾಯಿ ಚಿಕ್ಕದು, ಒಳಗೆ ಹೂಜಿಯಂತೆ ಅಗಲ. ಬಾಯಿಗೆ ಬಂಡೆ ಮುಚ್ಚಿ ಮೇಲೆ ಮಣ್ಣು ಎಳೆದು ದಶಕಗಳಾಗಿರುತ್ತವೆ, ತೋಡಿದ ಮನೆತನದವರೂ ಮರೆತಿರುತ್ತಾರೆ. ಯಂತ್ರದ ಗಾಲಿ ಮೇಲೆ ಬಂದಾಗ ಅದು ತನ್ನನ್ನು ನೆನಪಿಸುತ್ತದೆ.

ಆದ್ದರಿಂದ ಸ್ವಚ್ಛ ಮಾಡಿದ ಮೇಲೆ ಊರಿನ ಹಿರಿಯರೊಬ್ಬರನ್ನು ಕರೆದು "ಇಲ್ಲಿ ಏನಿತ್ತು?" ಎಂದು ಕೇಳುವುದು ಯಾವ ಯಂತ್ರದ ಪರೀಕ್ಷೆಗೂ ಕಡಿಮೆಯಿಲ್ಲ. ಬಾವಿ ಇತ್ತೇ, ತಿಪ್ಪೆ ಇತ್ತೇ, ಇಟ್ಟಿಗೆ ಭಟ್ಟಿಗೆ ಮಣ್ಣು ತೆಗೆದಿದ್ದರೇ. ಹಗೇವು ಸಿಕ್ಕರೆ ಇಣುಕಲು ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಇಲ್ಲದೆ ವಿಷಗಾಳಿ ತುಂಬಿರುತ್ತದೆ, ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಮೇಲಿನಿಂದಲೇ ಬಾಯಿ ಅಗಲ ಮಾಡಿ, ಒಳಗಿನ ಸಡಿಲ ಮಣ್ಣು ತೆಗೆದು, ಗಟ್ಟಿ ತಳದಿಂದ ಪದರ ಪದರವಾಗಿ ತುಂಬಿ ಕೂರಿಸಬೇಕು. ಹಾಳುಬಾವಿ ಇದ್ದರೆ ಮನೆಯ ನಕ್ಷೆಯನ್ನೇ ಅದರಿಂದ ಸರಿಸುವುದು ಮೇಲು. ಬಾಯಿ ತೆರೆದ ಕೊಳವೆಬಾವಿಯನ್ನು ಅವತ್ತೇ ಮುಚ್ಚಿಸಿ.

ಎರೆಮಣ್ಣು ಮನೆಯನ್ನು ಯಾಕೆ ಅಲ್ಲಾಡಿಸುತ್ತದೆ

ಈಗ ಬಂದದ್ದು ನಮ್ಮ ನಾಡಿನ ಮುಖ್ಯ ವಿಷಯಕ್ಕೆ. ಕೃಷ್ಣಾ-ತುಂಗಭದ್ರೆಯರ ನಡುವಿನ ದೋಆಬದಲ್ಲಿಯೂ ಬಳ್ಳಾರಿಯ ಬಯಲಿನಲ್ಲಿಯೂ ಎರೆಭೂಮಿ ವಿಶಾಲವಾಗಿ ಹರಡಿದೆ. ಬೇಸಿಗೆಯಲ್ಲಿ ಎರೆಹೊಲದಲ್ಲಿ ನಡೆದವರಿಗೆ ಆ ಬಿರುಕುಗಳು ಗೊತ್ತು. ಕೈ ಇಳಿಯುವಷ್ಟು ಅಗಲ, ಕೋಲು ಇಳಿಸಿದರೆ ತಳ ಸಿಗದಷ್ಟು ಆಳ. ಮೊದಲ ದೊಡ್ಡ ಮಳೆಗೆ ಅದೇ ಬಿರುಕು ಹೊಲಿದಂತೆ ಮುಚ್ಚಿಕೊಳ್ಳುತ್ತದೆ.

ಕಾರಣ ಮಣ್ಣಿನೊಳಗಿನ ಒಂದು ಜೇಡಿ ಖನಿಜ, ಮಾಂಟ್‌ಮೊರಿಲೊನೈಟ್. ಇದರ ಕಣ ಪುಸ್ತಕದ ಹಾಳೆಗಳಂತೆ ಪದರ ಪದರ. ಮಳೆಯಲ್ಲಿ ನೆನೆದ ಪುಸ್ತಕ ನೋಡಿದ್ದೀರಲ್ಲ, ಹಾಳೆಹಾಳೆಯ ನಡುವೆ ನೀರು ಸೇರಿ ಎರಡರಷ್ಟು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಎರೆಮಣ್ಣು ವರ್ಷಕ್ಕೊಮ್ಮೆ ಹೀಗೆ ಉಬ್ಬಿ ಕುಗ್ಗುತ್ತದೆ. ಹತ್ತಿಗೆ ಇದೇ ಗುಣ ವರ. ಬೇಸಿಗೆಯ ಬಿರುಕಿನಿಂದ ಗಾಳಿ, ಮಳೆನೀರು ಆಳಕ್ಕೆ ಹೋಗುತ್ತವೆ, ತೇವ ಬಹುಕಾಲ ಉಳಿಯುತ್ತದೆ. ಮನೆಗೆ ಇದೇ ಶಾಪ.

ಇಡೀ ಮನೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ತೊಂದರೆ ಇರುತ್ತಿರಲಿಲ್ಲ. ಹಾಗಾಗುವುದಿಲ್ಲ. ಮನೆಯ ನಡುವಿನ ನೆಲಕ್ಕೆ ಬಿಸಿಲು ತಾಗುವುದಿಲ್ಲ, ಅಲ್ಲಿ ತೇವ ಉಳಿಯುತ್ತದೆ. ಹೊರಗೋಡೆಯ ಕೆಳಗಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ, ಮಳೆಗಾಲದಲ್ಲಿ ನೆನೆದು ಏರುತ್ತದೆ. ಬಚ್ಚಲ ನೀರು ಇಂಗುವ ಮೂಲೆ ಎದ್ದರೆ ಬೇವಿನ ಮರ ನೀರು ಹೀರುವ ಮೂಲೆ ಕುಸಿಯುತ್ತದೆ. ಇಟ್ಟಿಗೆ ಗೋಡೆ ಬಗ್ಗಲಾರದು, ಒಡೆಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಇದರ ಗುರುತು. ಮಳೆಗಾಲದಲ್ಲಿ ಬಿಗಿಯಾಗಿ ಬೇಸಿಗೆಯಲ್ಲಿ ಸಲೀಸಾಗುವ ಬಾಗಿಲಿಗೆ ಮರ ಉಬ್ಬಿದ್ದೊಂದೇ ಕಾರಣ ಎಂದುಕೊಳ್ಳಬೇಡಿ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿ ಇರುವುದು. ಒಣಗಿಸಿ ಸಣ್ಣಗೆ ಜರಡಿ ಹಿಡಿದ ಮಣ್ಣು 10 ಗ್ರಾಂ ಒಂದು ಅಳತೆಗಾಜಿಗೆ, 10 ಗ್ರಾಂ ಇನ್ನೊಂದಕ್ಕೆ. ಒಂದರಲ್ಲಿ ಭಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆ ಈ ಜೇಡಿಯ ಪದರಗಳ ನಡುವೆ ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಮಣ್ಣು ಉಬ್ಬುವುದಿಲ್ಲ. ಕಲಕಿ, ಒಂದು ದಿನ ಬಿಟ್ಟು ನೋಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು 10 ಮಿಲಿ ಗುರುತಿನವರೆಗೆ, ನೀರಿನಲ್ಲಿ 18ರವರೆಗೆ ಕೂತಿದ್ದರೆ ಉಬ್ಬು ಶೇ. 80. ಶೇ. 50ರೊಳಗಿದ್ದರೆ ಕಡಿಮೆ, 50ರಿಂದ 100 ಮಧ್ಯಮ, 100 ದಾಟಿದರೆ ಹೆಚ್ಚು, 200 ದಾಟಿದರೆ ಅತಿ ಹೆಚ್ಚು. ಮಣ್ಣು ಪರೀಕ್ಷಾ ಪ್ರಯೋಗಾಲಯ ಇರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಮಾಡಿಸಬಹುದು. ಮಾದರಿಯನ್ನು ನೆಲದ ಮೇಲಿಂದ ಬಾಚಿ ಕೊಡಬಾರದು, ಪಾಯದ ಆಳದಿಂದ ತೆಗೆದು ಕೊಡಬೇಕು.

ಪರಿಹಾರ ಎರೆ ಎಷ್ಟು ಆಳ ಇದೆ ಎಂಬುದರ ಮೇಲೆ ನಿಂತಿದೆ. ಅದಕ್ಕೇ ಸೈಟಿನ ಎರಡು ಮೂಲೆಗಳಲ್ಲಾದರೂ ಆಳವಾದ ಗುಂಡಿ ತೋಡಿಸಿ ನೋಡಬೇಕು. ಮೂರು ನಾಲ್ಕು ಅಡಿಗೇ ಸುಣ್ಣದ ಹರಳು ಕಂಡು, ಕೆಳಗೆ ಗರಸು (ಗಟ್ಟಿ ಜಲ್ಲಿಮಣ್ಣು) ಸಿಕ್ಕರೆ ಅದೃಷ್ಟ. ಎರೆಯನ್ನು ಪೂರ್ತಿ ತೆಗೆದು ಗರಸಿನ ಮೇಲೇ ಪಾಯ ಇಡಬಹುದು. ಎರೆ ಆಳಕ್ಕಿದ್ದರೆ ಒಂದಷ್ಟು ತೆಗೆದು, ಉಬ್ಬದ ಆದರೆ ಅಂಟಿರುವ ಮಣ್ಣಿನ ಸುಮಾರು ಒಂದು ಮೀಟರ್ ದಪ್ಪದ ಹಾಸನ್ನು ಗಟ್ಟಿಯಾಗಿ ಕೂರಿಸುತ್ತಾರೆ. ನಮ್ಮ ಕಡೆಯ ಒಳ್ಳೆಯ ಕೆಂಪು ಮರಂ ಮಣ್ಣು ಈ ಕೆಲಸಕ್ಕೆ ಬರುತ್ತದೆ. ಎರೆಗೆ ತೂಕದ ಶೇ. 3ರಿಂದ 8ರಷ್ಟು ಸುಣ್ಣ ಬೆರೆಸಿ ಅದರ ಉಬ್ಬು ತಗ್ಗಿಸುವುದು ಇನ್ನೊಂದು ದಾರಿ, ರಸ್ತೆ ಕೆಲಸದಲ್ಲಿ ಇದು ಹೆಚ್ಚು. ಮೂರನೆಯದು ಬುಡದಲ್ಲಿ ಗಂಟೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳು. ಋತುವಿಗೆ ತಕ್ಕಂತೆ ಉಬ್ಬಿ ಕುಗ್ಗುವ ಪದರ ದಾಟಿ, ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳದಲ್ಲಿ, ಅಲುಗದ ಮಣ್ಣಿನಲ್ಲಿ ಅವು ಕಾಲೂರುತ್ತವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಭೂಮಿಗೆಂದೇ ಬೆಳೆಸಿದ ವಿಧಾನ ಇದು. ಯಾವುದು ಸೂಕ್ತ ಎಂದು ಹೇಳಬೇಕಾದವರು ಮಣ್ಣಿನ ವರದಿ ನೋಡಿದ ಇಂಜಿನಿಯರು.

ಒಂದು ಎಚ್ಚರಿಕೆ. "ಎರೆ ತೆಗೆದು ಮರಳು ತುಂಬಿಸಿಬಿಡಿ, ಭದ್ರ" ಎಂಬ ಸಲಹೆ ನಮ್ಮಲ್ಲಿ ತುಂಬ ಓಡಾಡುತ್ತದೆ. ಸುತ್ತ ನೀರು ಬಿಡದ ಎರೆ, ನಡುವೆ ಮರಳಿನ ಗುಂಡಿ. ಅದು ತೊಟ್ಟಿಯಾಗುತ್ತದೆ. ಮಳೆನೀರು ಮರಳಿನಲ್ಲಿ ನಿಂತು ತಳದ ಎರೆಯನ್ನು ತಿಂಗಳುಗಟ್ಟಲೆ ನೆನೆಸುತ್ತದೆ. ಸಡಿಲವಾಗಿ ಸುರಿದ ಗರಸೂ ಅಷ್ಟೇ.

ಗುಂಡುಕಲ್ಲಿನ ನೆಲ

ಎರೆ ಮುಗಿದಲ್ಲಿ ಬಂಡೆ ಶುರು. ಬಳ್ಳಾರಿ ಗುಡ್ಡ, ರಾಯಚೂರಿನ ಬೆಟ್ಟ, ಗಂಗಾವತಿಯ ಗುಂಡುಗಳ ರಾಶಿ ಎಲ್ಲ ಗ್ರಾನೈಟ್ ಜಾತಿಯವು. ಈ ಬಂಡೆ ಸೀಳುಗಳಲ್ಲಿ ಸವೆಯುತ್ತ ದುಂಡಗಿನ ಗುಂಡುಗಳಾಗಿ ಉಳಿಯುತ್ತದೆ. ಎಷ್ಟೋ ಗುಂಡುಗಳು ಮಣ್ಣಿನೊಳಗೆ ಹುದುಗಿರುತ್ತವೆ. ಪಾಯ ತೋಡುವಾಗ ಕಲ್ಲು ಸಿಕ್ಕರೆ "ಬಂಡೆ ಸಿಕ್ಕಿತು, ಇನ್ನೇನು ಬೇಕು" ಎಂದು ಹಿಗ್ಗುವ ಮೊದಲು ಅದು ಬಂಡೆಯೋ ಗುಂಡೋ ನೋಡಬೇಕು. ಮನೆಯ ಒಂದು ಬದಿ ಗುಂಡಿನ ಮೇಲೆ, ಇನ್ನೊಂದು ಬದಿ ತುಂಬಿದ ಮಣ್ಣಿನ ಮೇಲೆ ಕೂತರೆ ಮಣ್ಣಿನ ಬದಿ ಮಾತ್ರ ಇಳಿದು, ಕೂಡುವಲ್ಲಿ ಗೋಡೆ ಸೀಳುತ್ತದೆ. ಅಂಥಲ್ಲಿ ಗುಂಡನ್ನು ತೆಗೆಯಬೇಕು, ಇಲ್ಲವೇ ಪಾಯವನ್ನು ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಿಸಬೇಕು. ಸಿಡಿಮದ್ದಿಗೆ ಪರವಾನಗಿ ಬೇಕು, ಊರೊಳಗೆ ಅದು ಬೇಡವೇ ಬೇಡ. ಬ್ರೇಕರ್ ಯಂತ್ರ ಇದೆ, ರಂಧ್ರ ಕೊರೆದು ಬೆಣೆ ಹೊಡೆದು ಸೀಳುವ ಹಳೆಯ ಕೈಕೆಲಸವೂ ಇದೆ. 1294ರ ಶಾಸನ ಇರುವ ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಮೀರಿದ ಒಂದೇ ಕಲ್ಲು ಕೂತಿದೆ, ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಈ ನಾಡಿನ ಕಲ್ಲುಕೆಲಸದವರಿಗೆ ನಿಮ್ಮ ಸೈಟಿನ ಗುಂಡು ದೊಡ್ಡದಲ್ಲ.

ಪೈಪಿನಲ್ಲಿ ನೀರು, ಚೀಟಿಯಲ್ಲಿ ಲೆಕ್ಕ

ಕಣ್ಣಳತೆಯಲ್ಲಿ ಸಪಾಟು ನೋಡುವುದು ಮೋಸ. ಹತ್ತು ಅಡಿಗೆ ಎರಡಿಂಚಿನ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಕಾಣುತ್ತದೆ. ದೊಡ್ಡ ಲೇಔಟಿನಲ್ಲಿ ಮೂರು ಕಾಲಿನ ಲೆವೆಲ್ ಯಂತ್ರ ಇಟ್ಟು ಅಳತೆಪಟ್ಟಿ ಹಿಡಿದು ಓದುತ್ತಾರೆ. ಒಂದು ಸೈಟಿಗೆ ಗಾರೆಯವರ ನೀರಿನ ಪೈಪು ಸಾಕು: ಪಾರದರ್ಶಕ ಪೈಪಿನ ಎರಡು ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೈಪಿನಲ್ಲಿ ಗುಳ್ಳೆ ಇರಬಾರದು, ಅಷ್ಟೆ.

ಮೊದಲು ಅಳಿಸಿಹೋಗದ ಒಂದು ಜಾಗದಲ್ಲಿ, ಸೇತುವೆಯ ಕಟ್ಟೆಯೋ ವಿದ್ಯುತ್ ಕಂಬದ ಕಾಂಕ್ರೀಟೋ, ಬಣ್ಣದಲ್ಲಿ ಗೆರೆ ಹಾಕಿ. ಎಲ್ಲ ಎತ್ತರವನ್ನೂ ಅದಕ್ಕೆ ಹೋಲಿಸಿ ಅಳೆಯಬೇಕು.

ಉದಾಹರಣೆಗೆ 30×40 ಅಡಿಯ ಸೈಟಿನ ನಾಲ್ಕು ಮೂಲೆ ರಸ್ತೆಗಿಂತ 1, 1.5, 2.5, 3 ಅಡಿ ತಗ್ಗಿವೆ ಎನ್ನಿ. ಸರಾಸರಿ 2 ಅಡಿ. ಸೈಟನ್ನು ರಸ್ತೆಗಿಂತ 1 ಅಡಿ ಮೇಲೆ ತರಬೇಕು. ಅಂದರೆ 3 ಅಡಿ ತುಂಬಬೇಕು. 1200 ಚದರ ಅಡಿ, 3 ಅಡಿ ಎತ್ತರ, ಒಟ್ಟು 3600 ಘನ ಅಡಿ. ಇಲ್ಲಿಗೆ ನಿಲ್ಲಿಸಿದವರಿಗೆ ಎರಡು ಕಡೆ ಲೆಕ್ಕ ತಪ್ಪುತ್ತದೆ. ಮೇಲ್ಮಣ್ಣು ಅರ್ಧ ಅಡಿ ಕೆರೆದು ತೆಗೆದಿದ್ದೀರಿ, ಅದರ 600 ಘನ ಅಡಿ ಕೂಡಿಸಿ, 4200 ಆಯಿತು. ಇದು ಕುಂತ ಮಣ್ಣಿನ ಲೆಕ್ಕ. ಟ್ರ್ಯಾಕ್ಟರಿನಲ್ಲಿ ಬರುವುದು ಸಡಿಲ ಮಣ್ಣು, ಕೂರಿಸಿದಾಗ ಇಳಿಯುತ್ತದೆ. ನಾಲ್ಕು ಭಾಗ ಕುಂತ ಮಣ್ಣಿಗೆ ಐದು ಭಾಗ ಸಡಿಲ ಮಣ್ಣು ಬೇಕೆಂದು ಹಿಡಿದರೆ 5250 ಘನ ಅಡಿ ತರಿಸಬೇಕು. 100 ಘನ ಅಡಿಗೆ ಒಂದು ಬ್ರಾಸ್ ಎಂದು ಎಣಿಸುವವರ ಲೆಕ್ಕದಲ್ಲಿ ಐವತ್ತೆರಡೂವರೆ ಬ್ರಾಸ್. ಮೊದಲು ಅಂದುಕೊಂಡದ್ದು ಮೂವತ್ತಾರು.

ಕೆರೆದ ಎರೆಯನ್ನೇ ತಗ್ಗಿಗೆ ತುಂಬಿಸಿದರೆ ಖರ್ಚು ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಹಿತ್ತಲಿಗೆ ಸರಿ, ಮನೆಯ ಕೆಳಗೆ ಬೇಡ. ಒಡೆದ ಕಟ್ಟಡದ ಅವಶೇಷ, ಊರ ಕಸ ತಂದು ತುಂಬುವುದಂತೂ ವರ್ಷಗಟ್ಟಲೆ ಇಳಿಯುವ ನೆಲವನ್ನು ದುಡ್ಡು ಕೊಟ್ಟು ಕೊಂಡಂತೆ.

ರೊಟ್ಟಿ ಹಿಟ್ಟಿನ ಹದ

ಮಣ್ಣು ಗಟ್ಟಿಯಾಗುವುದು ಎಂದರೆ ಕಣಗಳ ನಡುವಿನ ಗಾಳಿ ಹೊರಗೆ ಹೋಗುವುದು. ಸೇರಿನಲ್ಲಿ ಜೋಳ ಅಳೆಯುವಾಗ ಸೇರನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಜೋಳ ಇಳಿದು ಇನ್ನೊಂದು ಹಿಡಿ ಹಿಡಿಸುತ್ತದಲ್ಲ, ಅದೇ. ಗರಸು, ಮರಳಿಗೆ ಹೀಗೆ ಅದುರಿಸುವ ರೋಲರ್ ಬೇಕು. ಜೇಡಿ ಹೆಚ್ಚಿದ್ದರೆ ಅದುರಿಸಿದರೆ ಸಾಲದು, ತುಳಿದು ನಾದಬೇಕು. ಅದಕ್ಕೆ ಕುರಿಯ ಕಾಲಿನಂಥ ಗುಬುಟುಗಳಿರುವ ರೋಲರ್ ಇದೆ, ಹೆಸರೂ ಅದೇ, ಶೀಪ್‌ಫೂಟ್. ಮಳೆಯ ಮರುದಿನ ಕುರಿಹಿಂಡು ಹಾದುಹೋದ ದಾರಿ ಒಣಗಿದ ಮೇಲೆ ಎಷ್ಟು ಬಿರುಸಾಗುತ್ತದೆ ಎಂದು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಆದರೆ ಎಷ್ಟೇ ತುಳಿದರೂ ನೀರಿನ ಹದ ಇಲ್ಲದಿದ್ದರೆ ಪ್ರಯೋಜನವಿಲ್ಲ. ಜೋಳದ ರೊಟ್ಟಿ ಬಡಿಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರು ಕಡಿಮೆಯಾದರೆ ರೊಟ್ಟಿಯ ಅಂಚು ಒಡೆಯುತ್ತದೆ, ಹೆಚ್ಚಾದರೆ ಕೊಣಮಿಗೆಗೆ ಅಂಟುತ್ತದೆ. ನಡುವೆ ಒಂದೇ ಒಂದು ಹದ ಇದೆ. ಮಣ್ಣಿಗೂ ಅಷ್ಟೆ. ಒಣ ಮಣ್ಣಿನ ಕಣಗಳು ಒಂದಕ್ಕೊಂದು ಉಜ್ಜಿ ನಿಲ್ಲುತ್ತವೆ. ಸ್ವಲ್ಪ ನೀರು ಜಾರಿಸುವ ಎಣ್ಣೆಯಂತೆ ಕೆಲಸ ಮಾಡಿ ಅವನ್ನು ಹತ್ತಿರ ತರುತ್ತದೆ. ನೀರು ಮೀರಿದರೆ ಕಣಗಳ ನಡುವಿನ ಜಾಗವನ್ನು ನೀರೇ ಹಿಡಿದು ಕೂರುತ್ತದೆ, ರೋಲರ್ ಹೋದಲ್ಲೆಲ್ಲ ನೆಲ ರಬ್ಬರಿನಂತೆ ತೂಗುತ್ತದೆ. ಅಮೆರಿಕದ ಇಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಈ ಹದವನ್ನು ಅಂಕಿಯಲ್ಲಿ ಹಿಡಿದರು. ಇಂದಿಗೂ ಆ ಪರೀಕ್ಷೆಗೆ ಅವರದೇ ಹೆಸರು. ಒಂದೇ ಮಣ್ಣನ್ನು ಬೇರೆ ಬೇರೆ ಪ್ರಮಾಣದ ನೀರಿನಲ್ಲಿ ಕಲಸಿ, ಒಂದು ಲೀಟರಿನ ಅಚ್ಚಿನಲ್ಲಿ ಗೊತ್ತಾದ ತೂಕದ ಸುತ್ತಿಗೆಯಿಂದ ಕುಟ್ಟಿ, ನೀರಿನ ತೂಕ ಕಳೆದ ಮೇಲೆ ಯಾವ ಹದದಲ್ಲಿ ಹೆಚ್ಚು ತೂಗುತ್ತದೆ ಎಂದು ನೋಡುವುದು ಅಷ್ಟೆ.

ಸೈಟಿನಲ್ಲಿ ಅಂದಾಜಿಗೆ ಅಂಗೈ ಸಾಕು. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟದೆ ಉದುರಿದರೆ ನೀರು ಬೇಕು. ಬೆರಳಿಗೆ ಅಂಟಿ ನೀರು ಒಸರಿದರೆ ಒಂದು ದಿನ ಒಣಗಲು ಬಿಡಿ. ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದಾಗ ಎರಡು ಮೂರು ಹೋಳಾಗಿ ಒಡೆದರೆ ಹದ ಬಂದಿದೆ.

ಇನ್ನು ಪದರ. ಮೂರು ಅಡಿಯನ್ನು ಒಮ್ಮೆಗೇ ಸುರಿದು ಮೇಲೆ ರೋಲರ್ ಓಡಿಸಿದರೆ ಮೇಲಿನ ಒಂದಡಿ ಗಟ್ಟಿಯಾಗುತ್ತದೆ, ಕೆಳಗಿನ ಎರಡಡಿಗೆ ಸುದ್ದಿಯೇ ಮುಟ್ಟುವುದಿಲ್ಲ. ಜೆಸಿಬಿ ಓಡಾಡಿದರೆ ಸಾಲದೇ ಎಂಬ ಪ್ರಶ್ನೆಗೂ ಇದೇ ಉತ್ತರ: ಅದರ ಅಗಲ ಗಾಲಿಗಳು ತೂಕ ಹಂಚುವುದಕ್ಕೆ ಇರುವುದು, ಒತ್ತುವುದಕ್ಕಲ್ಲ. ದೊಡ್ಡ ರೋಲರಿಗೆ ಎಂಟೊಂಬತ್ತು ಇಂಚಿನ ಸಡಿಲ ಪದರ, ಕೈಯಲ್ಲಿ ಹಿಡಿದು ನಡೆಸುವ ಚಿಕ್ಕ ಯಂತ್ರಕ್ಕೆ ನಾಲ್ಕರಿಂದ ಆರು ಇಂಚು. ಒಂದು ಪದರ ಕುಂತ ಮೇಲೆ ಇನ್ನೊಂದು. "ನೀರು ಬಿಟ್ಟು ಕೂರಿಸುವುದು" ಮರಳಿಗೆ ಒಪ್ಪುತ್ತದೆ. ಜೇಡಿ ಇರುವ ಮಣ್ಣಿಗೆ ನೀರು ಬಿಟ್ಟರೆ ಅದು ರಾಡಿ ಆಗಿ, ಒಣಗಿದಾಗ ಮತ್ತೆ ಬಿರಿಯುತ್ತದೆ.

ಗಟ್ಟಿಯಾಯಿತೋ ಇಲ್ಲವೋ ಎಂದು ಅಳೆಯಲೂ ಬರುತ್ತದೆ. ಸುಮಾರು ನಾಲ್ಕಿಂಚು ಅಗಲ, ಐದಿಂಚು ಎತ್ತರದ ಉಕ್ಕಿನ ಕೊಳವೆಯನ್ನು ನೆಲಕ್ಕೆ ಹೊಡೆದು, ತುಂಬಿದ ಮಣ್ಣನ್ನು ತೂಗಿ, ತೇವ ಕಳೆದು ಲೆಕ್ಕ ಹಾಕುತ್ತಾರೆ. ಗರಸಿನಲ್ಲಿ ಕೊಳವೆ ಇಳಿಯದು, ಅಲ್ಲಿ ಗುಂಡಿ ತೋಡಿ ತೂಕ ಗೊತ್ತಿರುವ ಮರಳು ತುಂಬಿ ಅಳೆಯುತ್ತಾರೆ. ಪ್ರಯೋಗಾಲಯದಲ್ಲಿ ಒಣ ಮಣ್ಣಿನ ತೂಕ ಘನ ಸೆಂ.ಮೀ.ಗೆ ಗರಿಷ್ಠ 1.9 ಗ್ರಾಂ ಬಂದಿದ್ದು ಸೈಟಿನಲ್ಲಿ 1.6 ಬಂದರೆ ಶೇ. 84 ಆಯಿತು. ಕಟ್ಟಡದ ಕೆಳಗೆ ಸಾಮಾನ್ಯವಾಗಿ ಕೇಳುವುದು ಶೇ. 95.

ಮಳೆನೀರಿಗೆ ದಾರಿ

ನಮ್ಮದು ಮಳೆ ಕಡಿಮೆ ನಾಡು, ವರ್ಷಕ್ಕೆ ಸುಮಾರು 600 ಮಿ.ಮೀ. ಆದರೆ ಅದು ಹಂಚಿಕೊಂಡು ಬೀಳುವುದಿಲ್ಲ. ಸೆಪ್ಟೆಂಬರ್ ಬಂತೆಂದರೆ ಒಂದು ರಾತ್ರಿಯಲ್ಲೇ ಹಳ್ಳ ತುಂಬಬಹುದು. 30×40 ಸೈಟಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು, ಒಂದು ಟ್ಯಾಂಕರ್ ಲೋಡು. ಅದು ಎಲ್ಲಿಗೆ ಹೋಗಬೇಕು ಎಂದು ನೀವು ನಿರ್ಧರಿಸದಿದ್ದರೆ ಅದೇ ನಿರ್ಧರಿಸುತ್ತದೆ.

ಆದ್ದರಿಂದ "ಲೆವೆಲ್" ಎಂದರೆ ಅಂಗೈಯಂಥ ಸಪಾಟು ಆಗಬಾರದು. ಮನೆಯ ಗೋಡೆಯಿಂದ ಹೊರಕ್ಕೆ ಹತ್ತು ಅಡಿಗೆ ಆರು ಇಂಚು ಇಳಿಜಾರು ಇರಬೇಕು. ಜಾಗ ಸಾಲದಿದ್ದರೆ ಕಲ್ಲು ಹಾಸಿ ಚರಂಡಿಗೆ ಬಿಡಬೇಕು. ಎರೆನೆಲದಲ್ಲಿ ಗೋಡೆಗೆ ಅಂಟಿಕೊಂಡ ಈ ಹಾಸು ಅಲಂಕಾರಕ್ಕೆ ಇರುವುದಲ್ಲ, ಪಾಯದ ಪಕ್ಕದ ಮಣ್ಣು ನೆನೆಯದಂತೆ ಕಾಯುವುದೇ ಅದು. ಮನೆಯ ಒಳನೆಲ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಮೇಲಿರಬೇಕೆನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ ಎಂಬುದನ್ನೂ ನೆನಪಿಡಿ.

ಹೊಲವಾಗಿದ್ದಾಗ ಅಲ್ಲಿ ಒಡ್ಡು ಇತ್ತು, ಒಡ್ಡಿಗೆ ಕೋಡಿ ಇತ್ತು, ಮೇಲಿನ ಹೊಲದ ನೀರು ಆ ದಾರಿಯಲ್ಲೇ ಹಳ್ಳ ಸೇರುತ್ತಿತ್ತು. ಒಡ್ಡು ಅಳಿಸಿದರೂ ಮೇಲಿನ ಹೊಲ ಇಳಿಜಾರಿನಲ್ಲೇ ಇದೆ. ಸೈಟು ಕೊಳ್ಳುವ ಮೊದಲು ಒಂದು ಮಳೆಯಲ್ಲಿ ಹೋಗಿ ನೋಡುವುದಕ್ಕಿಂತ ಒಳ್ಳೆಯ ಸರ್ವೆ ಇಲ್ಲ.

ಗದ್ದೆ ಸೈಟಾದಾಗ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಇನ್ನೊಂದು ಪಾಠ ಬೇರೆಯೇ ಇದೆ. 1953ರಲ್ಲಿ ತುಂಗಭದ್ರಾ ನೀರು ಬಂದ ಮೇಲೆ ಕಾಲುವೆ ಕೆಳಗಿನ ಜಮೀನುಗಳಲ್ಲಿ ಭತ್ತ ಹಬ್ಬಿತು, ಅದರ ಜೊತೆ ಕೆಲವು ಕಡೆ ಸವಳು-ಜವಳೂ (ನೆಲಕ್ಕೆ ಉಪ್ಪು ಏರುವುದು, ನೀರು ನಿಲ್ಲುವುದು) ಬಂತು. ಗದ್ದೆಯ ಮೇಲಿನ ಪದರ ವರ್ಷಗಟ್ಟಲೆ ರಾಡಿ ಹೊಡೆದದ್ದು, ಭಾರ ಹೊರುವುದಿಲ್ಲ. ಅದರ ಮೇಲೆ ಗರಸು ಸುರಿದರೆ ಗರಸು ಮುಳುಗುತ್ತದೆ, ರಾಡಿ ಪಕ್ಕಕ್ಕೆ ಉಬ್ಬುತ್ತದೆ. ಮೊದಲು ಕಾಲುವೆ ನೀರು ತಡೆದು, ಚರಂಡಿ ತೋಡಿ ಒಣಗಿಸಿ, ರಾಡಿ ಪದರ ಪೂರ್ತಿ ಎತ್ತಬೇಕು.

ಉಪ್ಪು ಇನ್ನೊಂದು ತಲೆನೋವು. ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಸಣ್ಣ ಕಣದ ಮಣ್ಣು ಕೆಳಗಿನ ಉಪ್ಪುನೀರನ್ನು ಗೋಡೆಗೆ ಏರಿಸುತ್ತದೆ. ನೀರು ಆರಿ ಉಪ್ಪು ಉಳಿದು, ಗೋಡೆಯ ಬುಡದಲ್ಲಿ ಬಣ್ಣ ಉದುರಿ ಬಿಳಿ ಹುಡಿ ಕಾಣುತ್ತದೆ. ತುಂಬುವ ಮಣ್ಣಿನ ನಡುವೆ ದಪ್ಪ ಜಲ್ಲಿಯ ಒಂದು ಪದರ ಇದ್ದರೆ ಬತ್ತಿ ತುಂಡಾಗುತ್ತದೆ. ಗೋಡೆಯ ಬುಡದಲ್ಲಿ ನೀರು ತಡೆಯುವ ಪಟ್ಟಿಯೂ ಬೇಕು. ಮಣ್ಣು, ನೀರು ಎರಡರಲ್ಲೂ ಸಲ್ಫೇಟ್ ಎಷ್ಟಿದೆ ಎಂದು ಪರೀಕ್ಷಿಸಿದ ಮೇಲೆಯೇ ಯಾವ ಸಿಮೆಂಟು ಎಂದು ತೀರ್ಮಾನಿಸಬೇಕು, ಯಾಕೆಂದರೆ ಸಲ್ಫೇಟ್ ಸಾಮಾನ್ಯ ಕಾಂಕ್ರೀಟನ್ನು ನಿಧಾನವಾಗಿ ತಿನ್ನುತ್ತದೆ.

ಯಾವಾಗ, ಯಾವ ಮಾತಿನ ಮೇಲೆ

ಮಣ್ಣು ಕೆಲಸಕ್ಕೆ ಫೆಬ್ರವರಿಯಿಂದ ಮೇ ನಮ್ಮ ಕಡೆ ಒಳ್ಳೆಯ ಕಾಲ. ಎರೆಯಲ್ಲಿ ಗಾಡಿ ಹೂಳುವುದಿಲ್ಲ, ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲ. ಕೂರಿಸಲು ನೀರು ಮಾತ್ರ ಟ್ಯಾಂಕರಿನಲ್ಲಿ ತರಬೇಕಾಗುತ್ತದೆ, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆಳದ ಪಾಯ ತೋಡುವಾಗ ತೋಡಿದ ಮಣ್ಣನ್ನು ಅಂಚಿಗೇ ಪೇರಿಸಲು ಬಿಡಬೇಡಿ, ಆ ಭಾರಕ್ಕೆ ಗುಂಡಿಯ ಗೋಡೆ ಒಳಗಿದ್ದವರ ಮೇಲೆ ಕುಸಿಯುತ್ತದೆ.

ಗುತ್ತಿಗೆದಾರರೊಂದಿಗೆ ಟ್ರಿಪ್ ಲೆಕ್ಕದಲ್ಲಿ ಮಾತಾಡಿದರೆ ಸಡಿಲ ಮಣ್ಣಿಗೆ ದುಡ್ಡು ಕೊಡುತ್ತೀರಿ, ಟ್ರ್ಯಾಕ್ಟರ್ ಅರ್ಧ ತುಂಬಿ ಬಂದರೂ ಟ್ರಿಪ್ಪೇ. ಕೂರಿಸಿ ಅಳೆದ ಘನ ಅಡಿಯ ಮೇಲೆ ದರ ಮಾತಾಡಿ, ಪದರದ ದಪ್ಪ, ರೋಲರ್, ನೀರು ಯಾರದ್ದು ಎಂಬುದನ್ನು ಚೀಟಿಯಲ್ಲಿ ಬರೆಸಿದರೆ ಜಗಳ ಕಡಿಮೆ.

ಕೊಪ್ಪಳದ ಆ ಸೈಟಿನಲ್ಲಿ ಮಾಲೀಕರು ಮರುದಿನ ಪಾಯ ತೋಡಿಸಲಿಲ್ಲ. ಹಾಸಿದ ಮಣ್ಣನ್ನು ಮತ್ತೆ ಕೆರೆಸಿದರು. ಒಳಗೆ ನಾಲ್ಕು ಜಾಲಿ ಬುಡ, ಒಂದು ಗೋಣಿಚೀಲದಷ್ಟು ಮುಳ್ಳು ಸಿಕ್ಕಿತು. ಗರಸು ತಂದು ಪದರ ಹಾಕಿ, ಚಿಕ್ಕ ರೋಲರಿನಲ್ಲಿ ಐದು ದಿನ ಕೂರಿಸಿದರು. ಎದುರಿನ ಕಂಬದ ಕಾಂಕ್ರೀಟಿನ ಮೇಲೆ ಕೆಂಪು ಬಣ್ಣದ ಗೆರೆ ಹಾಕಿ, ಪೈಪಿನಲ್ಲಿ ನಾಲ್ಕೂ ಮೂಲೆಯ ಮಟ್ಟ ಬರೆದಿಟ್ಟುಕೊಂಡರು. ಮುಂಗಾರಿನ ಮೂರು ಮಳೆ ಆದ ಮೇಲೆ ಅಜ್ಜನನ್ನೂ ಕರೆದು ಮತ್ತೆ ಅಳೆದಾಗ ಮೂರು ಮೂಲೆ ಹಾಗೇ ಇದ್ದವು, ನಾಲ್ಕನೆಯದು ಬೆರಳಗಲ ಇಳಿದಿತ್ತು. ಅಲ್ಲಿ ಹಿಂದೆ ತಿಪ್ಪೆ ಇತ್ತಂತೆ. ಆ ಮೂಲೆಯನ್ನಷ್ಟೇ ಮತ್ತೆ ಅಗೆಸಿದರು.